ಮಾರಿಸೆಲ್ ಕಲಿತ ಕನ್ನಡ

ಕ್ಯಾಲಿಫೋರ್ನಿಯಾದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಸ್ತ್ರಿ ಹಲಗೆಯ ಮೇಲೆ ಬಟ್ಟೆಗಿಂತ ಹೆಚ್ಚಾಗಿ ಅಮ್ಮನ ಕೀಬೋರ್ಡು ಇರುತ್ತಿತ್ತು. ಯಾರದೋ ಗರಾಜಿನ ಮುಂದೆ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡದ್ದು; ಸ್ಟ್ಯಾಂಡು ಬಂದಿರಲಿಲ್ಲ. ಊಟದ ಮೇಜಿನ ಮೇಲಿಟ್ಟರೆ ಊಟಕ್ಕೆ ಜಾಗವಿಲ್ಲ, ನೆಲದ ಮೇಲಿಟ್ಟರೆ ಅಮ್ಮನ ಬೆನ್ನು ಕೇಳುವುದಿಲ್ಲ. ಬೆಳಿಗ್ಗೆ ಅಪ್ಪನಿಗೆ ಅಂಗಿ ಇಸ್ತ್ರಿ ಮಾಡಬೇಕೆಂದರೆ ಕೀಬೋರ್ಡನ್ನು ಮಲಗಿದ ಮಗುವಿನಂತೆ ಎತ್ತಿ ಸೋಫಾಕ್ಕೆ ಸಾಗಿಸಬೇಕಿತ್ತು. ಕೊನೆಗೆ ಅವನು ಸೋತು ಟೀಶರ್ಟಿನಲ್ಲೇ ಆಫೀಸಿಗೆ ಹೋಗತೊಡಗಿದ. ಅವನು ಸೇರಿದ್ದ ಸ್ಟಾರ್ಟಪ್ಪಿನಲ್ಲಿ ಎಲ್ಲರೂ ಹಾಗೇ ಬರುತ್ತಿದ್ದುದರಿಂದ ಯಾರೂ ಏನೂ ಅನ್ನಲಿಲ್ಲ. ಅಮ್ಮ ಊರಿನಲ್ಲಿ, ಉಡುಪಿಯ ಕಡೆ, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಾಡು ಕಲಿಸುತ್ತಿದ್ದವಳು. ಇಲ್ಲಿ ಅವಳ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಅವಕಾಶವಿರಲಿಲ್ಲ. ಅಪ್ಪ ಆಫೀಸಿಗೆ, ನಾನು ಸ್ಕೂಲಿಗೆ ಹೋದ ಮೇಲೆ ಅವಳು ಆ ಹಲಗೆಯ ಮುಂದೆ ನಿಂತು ಚರ್ಚಿನ ಕೀರ್ತನೆಗಳನ್ನು ಒಂದಾದ ಮೇಲೊಂದು ನುಡಿಸುತ್ತಿದ್ದಳಂತೆ. ನಾನು ಮರಳಿ ಬರುವಾಗಲೂ ಮೆಟ್ಟಿಲ ಮೇಲೆ ಅದೇ ಕೇಳುತ್ತಿತ್ತು. ನನಗಾಗ ಹತ್ತು ವರ್ಷ; ಮನೆಯಲ್ಲಿ ಎಲ್ಲರೂ ಜೀವಿ ಎಂದು ಕರೆಯುತ್ತಿದ್ದರು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಅರ್ಥವಾಗುತ್ತಿರಲಿಲ್ಲವೆಂದಲ್ಲ. ಮಾತಾಡಬೇಕಾದ ಅಗತ್ಯ ಕಂಡಿರಲಿಲ್ಲ. ಅಮ್ಮ ನನ್ನವಳೇ, ಅವಳ ಕನ್ನಡವೂ ನನ್ನದೇ, ಬೇಕೆಂದಾಗ ತೆಗೆದುಕೊಂಡರಾಯಿತು ಎಂದುಕೊಂಡಿದ್ದೆ.

ನಾವು ಹೋಗುತ್ತಿದ್ದ ಚರ್ಚು ಎರಡು ಸಿಗ್ನಲ್ ಆಚೆಗಿತ್ತು. ಬೆಳಿಗ್ಗೆ ಇಂಗ್ಲಿಷ್ ಆರಾಧನೆ, ಮಧ್ಯಾಹ್ನ ಸ್ಪ್ಯಾನಿಷ್. ತಿಂಗಳಿಗೊಂದು ಭಾನುವಾರ ಸಂಜೆ ಹಿಂದಿನ ಹಾಲಿನಲ್ಲಿ ನಮ್ಮ ಕನ್ನಡದವರು ಸೇರುತ್ತಿದ್ದರು. ಮಿಲ್ಪಿಟಾಸಿನಿಂದ, ವಾಲ್ನಟ್ ಕ್ರೀಕಿನಿಂದ ಕೂಡ ಜನ ಬರುತ್ತಿದ್ದರು, ಅರ್ಧ ಪ್ರಾರ್ಥನೆಗೆ, ಅರ್ಧ ಆಮೇಲಿನ ಬಿರಿಯಾನಿಗೆ. ಆ ರಸ್ತೆಯಲ್ಲಿ ಇನ್ನೂ ಎರಡು ಚರ್ಚುಗಳಿದ್ದವು. ಪ್ರತಿ ವರ್ಷ ಈಸ್ಟರ್ ಕಳೆದ ಮೇಲೆ ಮೂರೂ ಸೇರಿ ಒಂದು ಸಂಗೀತ ಸಂಜೆ ನಡೆಸುತ್ತಿದ್ದವು. ಎಲ್ಲ ಗಾಯನ ತಂಡಗಳೂ ಹಾಡುವುದು, ಮನೆಯಲ್ಲಿ ಮಾಡಿತಂದ ತಿಂಡಿ ಮಾರುವುದು, ಕಾಣಿಕೆಯ ತಟ್ಟೆ ಸುತ್ತಿಸುವುದು. ಹಾಗೆ ಕೂಡಿದ ಹಣದಲ್ಲಿ ಮೂರೂ ಚರ್ಚುಗಳ ಪಿಯಾನೋಗಳಿಗೆ ಶ್ರುತಿ ಮಾಡಿಸಬೇಕು, ಹಾಡಿನ ಪುಸ್ತಕ ಕೊಳ್ಳಬೇಕು, ಕಲಿಸುವವರಿಗೆ ಏನಾದರೂ ಕೊಡಬೇಕು. ಆ ವರ್ಷ ನಮ್ಮ ಚರ್ಚಿನ ಮಕ್ಕಳ ತಂಡಕ್ಕೆ ಕಲಿಸುತ್ತಿದ್ದಾಕೆ, ಬಾಡಿಗೆ ಕಟ್ಟಲಾಗದೆ ಊರು ಬಿಟ್ಟಳು. ಸಂಗೀತ ಸಂಜೆಯಲ್ಲಿ ಹಾಡದಿದ್ದರೆ ಮಕ್ಕಳ ತಂಡಕ್ಕೆ ಆ ಹಣದಲ್ಲಿ ಪಾಲು ಸಿಗದು. ಪಾಲು ಸಿಗದಿದ್ದರೆ ಅದನ್ನು ಮುಚ್ಚುವುದೇ ಸರಿ ಎಂದು ಸಮಿತಿಯಲ್ಲಿ ಮಾತಾಯಿತು. ಆರಾಧನೆ ಮುಗಿದು ಎಲ್ಲರೂ ಕಾಫಿ ಹಿಡಿದು ನಿಂತಿದ್ದಾಗ, ಯಾರೊಡನೆಯೂ ಹೆಚ್ಚು ಮಾತಾಡದ ಅಮ್ಮ ನೇರವಾಗಿ ಪಾದ್ರಿಯವರ ಬಳಿ ಹೋಗಿ, ನಾನು ಕಲಿಸುತ್ತೇನೆ, ಹಣ ಬೇಡ ಎಂದಳು. ಅಪ್ಪನಿಗೆ ಗೊತ್ತಾದದ್ದು ಕಾರಿನಲ್ಲಿ.

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದ. ಅವನು ಹಾಸನದ ಕಡೆಯವನು.

"ಕೇಳಿದ್ರೆ ಬೇಡ ಹೇಳ್ತಿದ್ರಿ. ಮತ್ತೆ ಯಾಕೆ ಕೇಳುವುದು?" ಎಂದಳು ಅಮ್ಮ.

ಮಾರಿಸೆಲ್ ನಮ್ಮ ಮನೆಗೆ ಬಂದದ್ದು ಅದೇ ವಾರ. ಅವರು ಕೆಳಗಿನ ಮಹಡಿಯವರು, ಮಧ್ಯಾಹ್ನದ ಸ್ಪ್ಯಾನಿಷ್ ಆರಾಧನೆಯವರು. ತಾಯಿ ಲೂಪೆ ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಎರಡನೇ ಶಿಫ್ಟಿಗೆ ಹೋಗುತ್ತಿದ್ದಳು. ತಂದೆ ಹೋಟೆಲೊಂದರ ಅಡುಗೆಮನೆಯಲ್ಲಿದ್ದ. ಮಾರಿಸೆಲ್ ನನ್ನದೇ ವಯಸ್ಸಿನವಳು, ನನ್ನದೇ ಸ್ಕೂಲು, ಬೇರೆ ಕ್ಲಾಸು. ಒಂದು ಮಧ್ಯಾಹ್ನ ಅವಳು ನಮ್ಮ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಒಳಗಿನ ಹಾಡಿಗೆ ತಾನೂ ದನಿ ಸೇರಿಸುತ್ತಿದ್ದಳು. ನಾನು ಅವಳನ್ನು ದಾಟಿ ಒಳಗೆ ಹೋದೆ. ಅಮ್ಮ ನುಡಿಸುವುದನ್ನು ನಿಲ್ಲಿಸಿ, ನನ್ನನ್ನು ದಾಟಿ ಹೊರಗೆ ಬಂದಳು.

"ನಿನ್ನ ಹೆಸರೆಂತ?" ಎಂದು ಮರೆತು ಕನ್ನಡದಲ್ಲೇ ಕೇಳಿಬಿಟ್ಟಳು.

"ಹೆಸರೆಂತ?" ಎಂದಳು ಮಾರಿಸೆಲ್. ಅರ್ಥವಾಗಿರಲಿಲ್ಲ, ಆದರೆ ಅಮ್ಮನ ಕರಾವಳಿಯ ರಾಗ, ಕೊನೆಯಲ್ಲಿ ಏರುವ ಆ ದನಿ, ಎಲ್ಲವನ್ನೂ ಇದ್ದ ಹಾಗೇ ಹಿಂದಿರುಗಿಸಿದಳು.

ಅಮ್ಮ ನಕ್ಕಳು. ಗೋಡೆಗೆ ಒರಗಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಅಮೆರಿಕಕ್ಕೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ನಾನಂತೂ ನಗಿಸಿರಲಿಲ್ಲ. ಬ್ಯಾಗನ್ನು ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ.

ಅಂದಿನಿಂದ ತಂದೆ ಕೆಲಸ ಮುಗಿಸಿ ಬರುವ ತನಕ ಮಾರಿಸೆಲ್ ನಮ್ಮಲ್ಲಿ ಇರುವುದೆಂದು ಅಮ್ಮನಿಗೂ ಲೂಪೆಗೂ ಒಪ್ಪಂದವಾಯಿತು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಹೇಗೆ ಮಾತಾಡಿಕೊಂಡರೋ. ಅಮ್ಮ ಅವಳನ್ನು ಮಕ್ಕಳ ತಂಡಕ್ಕೂ ಸೇರಿಸಿಕೊಂಡಳು. ಮಾರಿಸೆಲ್ ನನ್ನ ಮೇಜಿನಲ್ಲಿ ಹೋಮ್‌ವರ್ಕ್ ಮಾಡಿದಳು, ನನ್ನ ಲೋಟದಲ್ಲಿ ಹಾಲು ಕುಡಿದಳು. ಅಮ್ಮ ನೀರುದೋಸೆ ಹುಯ್ದರೆ ನಾನು ಮೂಗು ಮುರಿದು ಡಬ್ಬಿಯ ಮ್ಯಾಕರೋನಿ ಕೇಳುತ್ತಿದ್ದೆ. ಮಾರಿಸೆಲ್ ದೋಸೆಯನ್ನು ಬೆಳಕಿಗೆ ಹಿಡಿದು ಅದರ ತೂತುಗಳಲ್ಲಿ ಅಮ್ಮನನ್ನು ನೋಡಿ, ಮಡಚಿ, ಕೋಳಿಸಾರಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಖಾರ ಅವಳಿಗೆ ಲೆಕ್ಕಕ್ಕಿರಲಿಲ್ಲ. ಮಾವಿನಮಿಡಿ ಉಪ್ಪಿನಕಾಯಿಯನ್ನು ಹಾಗೇ ಚೀಪುತ್ತಿದ್ದಳು. ಅಮ್ಮ ಒಲೆಯ ಮುಂದಿನಿಂದ ತಿರುಗಿ ತಿರುಗಿ ಕೇಳುವಳು:

"ಸಾಕಾ? ಇನ್ನೊಂದು ಹಾಕ್ಲಾ?"

"ಇನ್ನೊಂದು ಹಾಕಿ," ಎನ್ನುವಳು ಮಾರಿಸೆಲ್. ಅದು ಅವಳು ಕಲಿತ ಮೊದಲ ಪೂರ್ತಿ ವಾಕ್ಯ.

ಊಟವಾದ ಮೇಲೆ ಅಮ್ಮ ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಹೆಣೆಯುತ್ತಿದ್ದಳು. ನಾನು ಹಿಂದಿನ ಬೇಸಿಗೆಯಲ್ಲಿ ಹಟ ಮಾಡಿ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದೆ. ಅಮ್ಮನ ಮೊಣಕಾಲುಗಳ ನಡುವೆ ಕಾರ್ಪೆಟ್ಟಿನ ಮೇಲೆ ಕೂತ ಮಾರಿಸೆಲ್ ಕಣ್ಣು ಮುಚ್ಚಿಕೊಂಡು ಹಾಡಿನ ಸಾಲುಗಳನ್ನು ಹೇಳಿಕೊಳ್ಳುವಳು. ನಾನು ಟೀವಿಯ ಸದ್ದನ್ನು ಹೆಚ್ಚಿಸುವೆ. ಅಮ್ಮ ತಿರುಗದೆಯೇ ಕೈಚಾಚಿ ರಿಮೋಟಿನಲ್ಲಿ ತಗ್ಗಿಸುವಳು. ರಾತ್ರಿ ಬಾತ್‌ರೂಮಿನ ಕನ್ನಡಿಯ ಮುಂದೆ ಕೂದಲನ್ನು ಕೆಳಕ್ಕೆಳೆದು ಎಷ್ಟು ಉದ್ದ ಬಂದಿದೆಯೆಂದು ನೋಡುವುದು ನನಗೊಂದು ಚಟವಾಯಿತು.

ಸಂಗೀತ ಸಂಜೆಗೆ ಪ್ರತಿ ತಂಡವೂ ಒಂದು ಇಂಗ್ಲಿಷ್ ಹಾಡು, ಒಂದು ತಮ್ಮವರ ಭಾಷೆಯ ಹಾಡು ಹಾಡಬೇಕೆಂದಿತ್ತು. ಅಮ್ಮ ಆರಿಸಿದ್ದು ತನ್ನ ಅಜ್ಜಿ ಮಕ್ಕಳನ್ನು ಮಲಗಿಸುವಾಗ ಹಾಡುತ್ತಿದ್ದ ಒಂದು ಕನ್ನಡ ಪ್ರಾರ್ಥನೆ. ಪುಸ್ತಕದಲ್ಲಿಲ್ಲದ್ದು, ಮನೆಯಲ್ಲೇ ಉಳಿದದ್ದು. ಮೊದಲ ಚರಣವನ್ನು ಒಬ್ಬರೇ ಹಾಡಬೇಕು, ಆಮೇಲೆ ಎಲ್ಲರೂ ಸೇರಿಕೊಳ್ಳಬೇಕು. ಆ ಒಬ್ಬರು ನಾನೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ತಂಡದಲ್ಲಿ ಕನ್ನಡದ ಮಗು ನಾನೊಬ್ಬಳೇ, ಮೇಲಾಗಿ ಟೀಚರ ಮಗಳು. ಚರ್ಚಿನ ಹಾಲಿನಲ್ಲಿ ಅಮ್ಮ ಒಬ್ಬೊಬ್ಬರನ್ನೇ ಪಿಯಾನೋದ ಬಳಿ ಕರೆದಳು. ನಾನು ಹಾಡಿದೆ. ಎರಡನೆಯ ಸಾಲಿನ 'ಬೆಳಕು' ಎಂಬಲ್ಲಿ ಅಮ್ಮ ಕೈ ಎತ್ತಿದಳು.

"ಬೆಲಕು ಅಲ್ಲ ಮಗಾ. ನಾಲಿಗೆ ಹಿಂದೆ ಮಡಚು. ಬೆಳಕು."

"ಬೆಲಕು," ಎಂದೆ.

ಮಾರಿಸೆಲ್ ಕೂಡ ಮೊದಲು ಹಾಗೇ ಅಂದಳು. ಆದರೆ ಅವಳು ಅಮ್ಮನ ಮುಖದ ಹತ್ತಿರ ಬಂದು ಬಾಯೊಳಗೆ ಇಣುಕಿ ನೋಡಿದಳು. ಅಮ್ಮ ನಾಲಿಗೆ ಮಡಚಿ ತೋರಿಸಿದಳು. ಇಬ್ಬರೂ ಬಾಯಿ ತೆರೆದುಕೊಂಡು ಅಷ್ಟು ಹತ್ತಿರ ನಿಂತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕಾರು ಸಲ ಸೋತು, ಆಮೇಲೆ ಸರಿಯಾಗಿ ಹೇಳಿದಳು. ಹಾಡಿದಾಗಲಂತೂ ಹಾಲಿನ ಆ ಕಡೆ ಕುರ್ಚಿ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಅಮ್ಮ ನನ್ನನ್ನು ನೋಡದೆಯೇ ಹಾಡನ್ನು ಅವಳಿಗೆ ಕೊಟ್ಟಳು. ಆ ದಿನ ನಾನು ಊಟ ಬಿಟ್ಟೆ. ನನ್ನ ಕೋಣೆಯ ಬಾಗಿಲು ತೆರೆದೇ ಇತ್ತು, ಅಪ್ಪ ಅಮ್ಮನ ಮಾತು ಕೇಳಲೆಂದೇ ತೆರೆದಿಟ್ಟಿದ್ದೆ.

"ಅವಳಿಗೆ ಬೇಜಾರಾಗಿದೆ ಕಣೇ. ಅರ್ಧ ಅರ್ಧ ಹಾಡಿಸು, ಏನೀಗ?" ಎಂದ ಅಪ್ಪ.

"ಹಾಡಿನಲ್ಲಿ ಮಗಳು, ಪಕ್ಕದ ಮನೆಯವಳು ಅಂತ ಉಂಟಾ? ನಾಳೆ ಅಷ್ಟು ಜನರ ಮುಂದೆ ತಪ್ಪಿದ್ರೆ ತಂಡವೇ ಹೋಯಿತಲ್ಲ."

"ತಂಡ ಹೋದ್ರೆ ಹೋಗ್ಲಿ. ಮಗಳಿಗಿಂತ ಹೆಚ್ಚಾ ಅದು?"

ಅಮ್ಮ ನಲ್ಲಿ ತಿರುಗಿಸಿದಳು. ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಹೆಚ್ಚಲ್ಲ ಎಂದಾದರೂ ಅನ್ನಬಹುದಿತ್ತಲ್ಲ ಎಂದು ನಾನು ದಿಂಬು ಕಚ್ಚಿಕೊಂಡು ಕಾದೆ.

ಸಂಗೀತ ಸಂಜೆಯ ದಿನ ಇನ್ನೊಂದಾಯಿತು. ಊರಿನ ಅಜ್ಜಿ ನನಗೆಂದು ಹಸಿರು ರೇಷ್ಮೆಯ ಲಂಗ ರವಿಕೆ ಹೊಲಿಸಿ ಕಳಿಸಿದ್ದರು. ಕುತ್ತಿಗೆ ಚುಚ್ಚುತ್ತದೆಂದು ನಾನು ಅದನ್ನು ಒಮ್ಮೆಯೂ ಹಾಕಿರಲಿಲ್ಲ. ಹೊರಡುವ ಹೊತ್ತಿಗೆ ಕೋಣೆಯಿಂದ ಬಂದರೆ ಅದು ಮಾರಿಸೆಲ್‌ಳ ಮೈಮೇಲಿತ್ತು. ಅವಳು ಸೋಫಾದ ಮುಂದೆ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು, ರೇಷ್ಮೆ ಮುಟ್ಟಿದರೆ ಕೊಳೆಯಾಗುತ್ತದೆಂಬಂತೆ. ಅಮ್ಮ ಮೊಣಕಾಲೂರಿ ಅವಳ ಲಂಗದ ಅಂಚಿಗೆ ಪಿನ್ನು ಹಾಕುತ್ತಿದ್ದಳು.

"ದಟ್ಸ್ ಮೈನ್," ಎಂದೆ.

"ನೀನು ಬೇಡ ಹೇಳಿದ್ದಲ್ಲವಾ?" ಎಂದಳು ಅಮ್ಮ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ.

ಮಾರಿಸೆಲ್ ಕೂಡಲೇ ಕೊರಳ ಗುಂಡಿಗೆ ಕೈ ಹಾಕಿದಳು. "ನಾನು ಬಿಚ್ತೇನೆ ಅಮ್ಮ. ಜೀವಿ ಹಾಕಲಿ."

ಅವಳು ನನ್ನ ತಾಯಿಯನ್ನು ಅಮ್ಮ ಎಂದು ಕರೆದದ್ದನ್ನು ನಾನು ಮೊದಲು ಕೇಳಿದ್ದು ಆಗ. ಅವಳಿಗೆ ಅದು ಬರೀ ಹೆಸರು. ನಾನು ಕರೆಯುವುದನ್ನು ಕೇಳಿ ಕಲಿತದ್ದು. ಆದರೂ ಬಟ್ಟೆ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಬೇಡ, ಹಾಕಿಕೋ ಎಂದು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ.

ಮೂರರಲ್ಲಿ ದೊಡ್ಡ ಚರ್ಚಿನಲ್ಲಿ ಕಾರ್ಯಕ್ರಮ. ಬಾಗಿಲಲ್ಲೇ ಉದ್ದನೆಯ ಮೇಜುಗಳು. ಆಪಲ್ ಪೈಗಳ ಸಾಲಿನ ಕೊನೆಗೆ ಲೂಪೆ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿತಂದ ತಮಾಲೆ ಕಡುಬು, ಅದರ ಪಕ್ಕ ಕನ್ನಡದ ಆಂಟಿಯರ ಅಂಬೊಡೆ. ಲೂಪೆ ಅಂದು ಶಿಫ್ಟು ಬಿಟ್ಟು ಬಂದಿದ್ದಳು. ದೊಡ್ಡವರ ತಂಡಗಳು ಹಾಡಿದವು, ಇಳಿವಯಸ್ಸಿನ ಒಬ್ಬರು ಆರ್ಗನ್ ನುಡಿಸಿದರು, ಕಾಣಿಕೆಯ ತಟ್ಟೆ ಒಂದು ಸುತ್ತು ಬಂತು. ಆಮೇಲೆ ನಾವು. ನಾನು ಎರಡನೇ ಸಾಲಿನಲ್ಲಿ, ಮಾರಿಸೆಲ್‌ಳ ಸರಿಯಾಗಿ ಹಿಂದೆ. ನನಗೆ ಕಾಣುತ್ತಿದ್ದುದು ಅಮ್ಮ ಹೆಣೆದ ಜಡೆ ಮತ್ತು ಅಜ್ಜಿಯ ಹಸಿರು ರವಿಕೆಯ ಬೆನ್ನು. ಅವಳು ತಪ್ಪಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಂಡದ್ದು ಚರ್ಚಿನಲ್ಲಿ, ಕೈ ಜೋಡಿಸಿ. ಅವಳು ತಪ್ಪಲಿಲ್ಲ. ಹುಟ್ಟಿದಾಗಿನಿಂದ ಆ ಹಾಡನ್ನು ಅಮ್ಮನ ಬಾಯಲ್ಲಿ ಕೇಳಿದ್ದೆ, ಆದರೆ ಅದರಲ್ಲಿ ಭಯಪಟ್ಟ ಮಗುವೊಂದು ಬೆಳಕಿಗಾಗಿ ಕೇಳಿಕೊಳ್ಳುತ್ತಿದೆ ಎಂದು ನನಗೆ ಗೊತ್ತಾದದ್ದು ಅಂದು, ಅವಳ ದನಿಯಿಂದ. ನಾವೆಲ್ಲ ಸೇರಿಕೊಳ್ಳಬೇಕಾದಲ್ಲಿ ನಾನು ಬರೀ ಬಾಯಾಡಿಸಿದೆ. ಮುಗಿದಾಗ ಮುಂದಿನ ಸಾಲಿನಲ್ಲಿ ಲೂಪೆ ಎದೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು. ತಟ್ಟೆಯನ್ನು ಇನ್ನೊಂದು ಸುತ್ತು ಕಳಿಸಿ ಎಂದು ಜನರೇ ಕೇಳಿದರು.

ಆಮೇಲೆ ತಿಂಡಿಯ ಹತ್ತಿರ ವಾಲ್ನಟ್ ಕ್ರೀಕಿನಿಂದ ಬಂದಿದ್ದ ಒಬ್ಬ ಆಂಟಿ ಅಮ್ಮನ ಕೈ ಹಿಡಿದುಕೊಂಡರು. ಅವರು ನಮ್ಮ ಪರಿಚಯದವರಲ್ಲ.

"ನಿಮ್ಮ ಮಗಳು ಎಷ್ಟು ಚೆನ್ನಾಗಿ ಹಾಡಿದ್ಲುರೀ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಬಾಯಲ್ಲಿ ಇಂಥ ಕನ್ನಡ ಎಲ್ಲಿ ಕೇಳ್ತೀವಿ ಹೇಳಿ."

ನಾನು ಅಮ್ಮನ ಪಕ್ಕದಲ್ಲೇ, ಪೈ ಇಟ್ಟ ಕಾಗದದ ತಟ್ಟೆ ಹಿಡಿದು ನಿಂತಿದ್ದೆ. ಅಮ್ಮ ತಿದ್ದುತ್ತಾಳೆಂದು ಕಾದೆ. ಅಮ್ಮ, "ಥ್ಯಾಂಕ್ಸ್ ಆಂಟಿ," ಎಂದಳು. ಅಷ್ಟೇ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಾನು ಕೇಳಿಯೇಬಿಟ್ಟೆ, ಇಂಗ್ಲಿಷಿನಲ್ಲಿ: ಅವಳು ನಿನ್ನ ಮಗಳಲ್ಲ ಎಂದು ಯಾಕೆ ಹೇಳಲಿಲ್ಲ? ಮರೆತೆ ಎಂದೋ, ಗಲಾಟೆಯಲ್ಲಿ ಕೇಳಿಸಲಿಲ್ಲ ಎಂದೋ ಅಮ್ಮ ಹೇಳಬಹುದಿತ್ತು. ಅವಳು ಎದುರಿನ ಕುರ್ಚಿ ಎಳೆದು ಕೂತಳು.

"ಕೇಳುವಾಗ ಖುಷಿ ಆಯ್ತು. ಹಾಗೆ ಸುಮ್ಮನಿದ್ದೆ," ಎಂದಳು. "ಅವಳು ನನ್ನ ಹತ್ತಿರ ಮಾತಾಡ್ತಾಳೆ ಜೀವಿ. ತಪ್ಪೋ ಸರಿಯೋ, ಇಡೀ ದಿನ ಎಂತ ಮಾಡಿದ್ರಿ ಅಂತ ಕೇಳ್ತಾಳೆ. ನೀನು ಕೇಳುವುದು ಟೀವಿ ರಿಮೋಟು."

ನನಗೆ ಅಳು ಬಂತು. ಅಮ್ಮ ಸಮಾಧಾನ ಮಾಡಲಿಲ್ಲ. ತನ್ನ ತಟ್ಟೆಯ ಬ್ರೆಡ್ಡಿಗೆ ಬೆಣ್ಣೆ ಸವರಿ ನನ್ನ ತಟ್ಟೆಗೆ ಹಾಕಿದಳು.

ಆ ವರ್ಷ ಕೂಡಿದ ಹಣ ಸಮಿತಿಯವರು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿತ್ತು. ಮಕ್ಕಳ ತಂಡ ಉಳಿಯಿತು. ಉಳಿದದ್ದರಿಂದಲೇ ಅಮ್ಮನ ಕೈತಪ್ಪಿತು. ಸಂಬಳ ಕೊಡಲು ಹಣವಿದೆಯೆಂದ ಮೇಲೆ ಸಂಗೀತದಲ್ಲಿ ಡಿಗ್ರಿ ಇದ್ದವರನ್ನೇ ತರೋಣ ಎಂದು ಮೂರೂ ಚರ್ಚುಗಳು ಸೇರಿ ತೀರ್ಮಾನಿಸಿದವು. ಅಮ್ಮನಿಗೆ ಸಂಬಳ ಕೊಡಲು ಕಾನೂನು ಬಿಡುತ್ತಿರಲಿಲ್ಲ. ಪಾದ್ರಿಯವರು ಮನೆಗೇ ಬಂದು, ಕೀಬೋರ್ಡಿನ ಪಕ್ಕ ಕೂತು, ಬಹಳ ಮೆಲ್ಲಗೆ ವಿಷಯ ತಿಳಿಸಿದರು. ಅಮ್ಮ ಅವರಿಗೆ ಚಹಾ ಮಾಡಿಕೊಟ್ಟು, ಒಳ್ಳೆಯದಾಯಿತು ಎಂದಳು. ಮುಂದಿನ ವಾರದ ಅಭ್ಯಾಸಕ್ಕೆ ನಮ್ಮನ್ನು ಕರೆದುಕೊಂಡು ಹೋದವಳು ಹೊರಡದೆ ಹಿಂದಿನ ಬೆಂಚಿನಲ್ಲಿ ಕೂತಳು. ಹೊಸ ಟೀಚರು ಚಿಕ್ಕ ವಯಸ್ಸಿನವಳು, ಚುರುಕು, ನಗುಮುಖ. ಅವಳು ಮಾರಿಸೆಲ್‌ಳ ಗಲ್ಲ ಎತ್ತಿ, ಹೆಗಲು ಹಿಂದಕ್ಕೊತ್ತಿ, ಹೀಗೆ ಉಸಿರು ತೆಗೆದುಕೋ ಎಂದು ತೋರಿಸಿದಳು. ಮಾರಿಸೆಲ್ ಹಾಗೇ ಮಾಡಿದಳು. ದನಿ ಇನ್ನೂ ದೊಡ್ಡದಾಗಿ ಬಂತು. ನಾನು ಹಿಂದಿರುಗಿ ಅಮ್ಮನ ಕಡೆ ನೋಡಿದೆ. ಅವಳ ತುಟಿ ಬಿಗಿದಿತ್ತು, ಕಣ್ಣು ಟೀಚರ ಕೈಯ ಮೇಲಿತ್ತು. ಆ ಮುಖ ನನಗೆ ಗೊತ್ತಿತ್ತು. ಅದು ಬಾತ್‌ರೂಮಿನ ಕನ್ನಡಿಯಲ್ಲಿ ನಾನು ದಿನಾ ನೋಡುತ್ತಿದ್ದ ಮುಖ. ಸಾಲು ಬಿಟ್ಟು ಹೋಗಿ ಅವಳ ಪಕ್ಕ ಕೂತೆ. ನನಗೆ ಹೊಟ್ಟೆನೋವೆಂದು ಟೀಚರಿಗೆ ಹೇಳಿ ಅಮ್ಮ ನನ್ನನ್ನು ಅಲ್ಲೇ ಇರಿಸಿಕೊಂಡಳು. ಇಬ್ಬರೂ ಒಂದೇ ಹುಡುಗಿಯನ್ನು ನೋಡುತ್ತಾ, ಒಂದೇ ಬೆಂಕಿಯಲ್ಲಿ ಬೇಯುತ್ತಾ ಕೂತಿದ್ದೆವು. ಅಮ್ಮ ಬಯಸುತ್ತಿದ್ದುದು ಮಾರಿಸೆಲ್‌ಳನ್ನು, ನಾನು ಅಮ್ಮನನ್ನು.

ಆ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಬಾಡಿಗೆ ಏರಿತು. ಅಪ್ಪ ಗೊಣಗುತ್ತಲೇ ಕಟ್ಟಿದ. ಅವನಂಥವರು ದಿನಕ್ಕೊಬ್ಬರು ಮನೆ ಕೇಳಿಕೊಂಡು ಬರುತ್ತಿದ್ದ ಕಾಲ. ಲೂಪೆಯವರಿಂದ ಆಗಲಿಲ್ಲ. ಅವರು ಒಳನಾಡಿಗೆ, ಮೊಡೆಸ್ಟೋ ಕಡೆಗೆ, ಯಾರೋ ನೆಂಟರ ಮನೆಯ ಪಕ್ಕಕ್ಕೆ ಹೋದರು. ನಾನು ಇಷ್ಟು ದಿನ ಬಯಸಿದ್ದು ನಡೆಯಿತು. ಟ್ರಕ್ಕು ಹೋದ ಮೇಲೆ ಅಮ್ಮ ಕೀಬೋರ್ಡಿಗೆ ಬಟ್ಟೆ ಹೊದಿಸಿ ಮಲಗುವ ಕೋಣೆಗೆ ಹೋದಳು. ಆ ವಾರವೆಲ್ಲ ಅವಳು ದೋಸೆಗೆ ಅಕ್ಕಿ ನೆನೆಹಾಕಲಿಲ್ಲ. ಎದುರಿಗೆ ಇರುವವಳ ಮೇಲಾದರೆ ಕಣ್ಣಿಡಬಹುದು. ಹೋದವಳ ಮೇಲಿನ ಹೊಟ್ಟೆಕಿಚ್ಚಿಗೆ ಮಾಡುವುದೇನು? ಮಾರಿಸೆಲ್‌ಳ ಹತ್ತಿರ ಇದ್ದದ್ದು, ನನ್ನ ಹತ್ತಿರ ಇಲ್ಲದ್ದು ಒಂದೇ, ಅಮ್ಮನ ಕನ್ನಡ. ಒಂದು ಬೆಳಿಗ್ಗೆ ಅಮ್ಮನ ಮುಂದೆ ಪೆನ್ಸಿಲು ಇಟ್ಟು, ಕನ್ನಡ ಬರೆಯಲು ಕಲಿಸು ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿ, ಕೇಳಬೇಕಾದದ್ದನ್ನು ಕೇಳದೆ, ಹಾಡಿನ ಹಾಳೆಯೊಂದರ ಹಿಂಬದಿಯಲ್ಲಿ 'ಅ' ಬರೆದುಕೊಟ್ಟಳು. ಈ ಭಾಷೆಯಲ್ಲಿ ಇಷ್ಟು ವರ್ಷ ಬರೆದಿದ್ದೇನೆ. ಅದು ಪ್ರೀತಿಯಿಂದ ಶುರುವಾಯಿತೆಂದು ಹಲವರು ಭಾವಿಸಿದ್ದಾರೆ, ನಾನೂ ತಡೆದಿಲ್ಲ.

ಒತ್ತಕ್ಷರಗಳಿಗೆ ಬರುವ ಹೊತ್ತಿಗೆ ಒಂದು ಶನಿವಾರ ಫೋನು ಬಂತು.

"ಹಲೋ, ಅಮ್ಮ ಇದ್ದಾರಾ?"

ದನಿ ಯಾರದೆಂದು ಕೇಳಬೇಕಿರಲಿಲ್ಲ. ಸ್ನಾನದ ಕೋಣೆಯಲ್ಲಿ ನೀರು ಬೀಳುತ್ತಿತ್ತು. ಇಂಗ್ಲಿಷಿನಲ್ಲಿ ಹೇಳುವುದು ಸುಲಭವಿತ್ತು. ನಾನು ಮನಸ್ಸಿನಲ್ಲೇ ವಾಕ್ಯವನ್ನು ಕಟ್ಟಿಕೊಂಡೆ. ಕಟ್ಟಿದ್ದು ಮೊದಲ ಪದಕ್ಕಾಗಿಯೇ, ಹೇಳುವಾಗ ಅದನ್ನೇ ಒತ್ತಿ ಹೇಳಿದೆ.

"ನನ್ನ ಅಮ್ಮ ಸ್ನಾನ ಮಾಡ್ತಾ ಇದ್ದಾರೆ."

"ಜೀವಿ, ನೀನು ಕನ್ನಡ ಮಾತಾಡಿದೆ," ಎಂದಳು ಮಾರಿಸೆಲ್. ಅವಳ ದನಿಯಲ್ಲಿ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ. "ಆದ್ರೆ 'ನನ್ನ ಅಮ್ಮ' ಹೇಳುವುದಿಲ್ಲ. 'ನಮ್ಮ ಅಮ್ಮ' ಹೇಳಬೇಕು. ಒಬ್ಬಳೇ ಮಗಳಾದ್ರೂ ಹಾಗೆಯೇ ಹೇಳುವುದಂತೆ. ಅಮ್ಮ ಹೇಳಿಕೊಟ್ಟಿದ್ದಾರೆ."

ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವಳು ಹೇಳಿದ್ದು ಸರಿಯಾಗಿತ್ತು; ಅಮ್ಮ ತನ್ನ ತಾಯಿಯ ಬಗ್ಗೆ ಮಾತಾಡುವಾಗ ಹಾಗೇ ಅನ್ನುತ್ತಿದ್ದುದು ನನಗೂ ನೆನಪಿತ್ತು.

"ನಮ್ಮ ಅಮ್ಮ ಸ್ನಾನ ಮಾಡ್ತಾ ಇದ್ದಾರೆ," ಎಂದೆ.

"ಹಾಂ, ಈಗ ಸರಿ," ಎಂದಳು. "ನಾನು ಕಾಯ್ತೇನೆ."